ನಲವತ್ತೊಂದು ಹಲ್ಲಿನ ಚಕ್ರ

ಕಿಕ್ಕೇರಿ ಕೆರೆ ಏರಿಯ ಮೇಲೆ ಅಂದಾನಯ್ಯನ ಪಿಕಪ್ ವ್ಯಾನು ಮೊದಲು ‘ಕಟಕ್’ ಎಂದಿತು. ಆಮೇಲೆ ‘ಕಟಕಟ’ ಎಂದಿತು. ಕೊನೆಗೆ, ಬೊಚ್ಚು ಬಾಯಿಯ ಮುದುಕ ಹುರಿಗಡಲೆ ಹಾಕಿಕೊಂಡಂತೆ ಒಳಗೊಳಗೇ ಏನನ್ನೋ ಹೊರಳಿಸಿ ನೋಡಿ, ಇದು ತನ್ನಿಂದಾಗದ ಕೆಲಸವೆಂದು ನಿಂತೇಬಿಟ್ಟಿತು.

ಜೋಡಿ ಎತ್ತು ಕಟ್ಟಿ ಅದನ್ನು ಮನೆಯ ಮುಂದಕ್ಕೆ ಎಳೆದು ತಂದದ್ದಾಯಿತು. ಎದುರಿಗೇ ಬಸ್ಸು ನಿಲ್ಲುವ ಅರಳಿಮರ. ಹಾಗಾಗಿ ವ್ಯಾನು ಕೆಟ್ಟ ಸುದ್ದಿಯನ್ನು ಯಾರಿಗೂ ಬೇರೆಯಾಗಿ ಹೇಳುವ ಅಗತ್ಯ ಬೀಳಲಿಲ್ಲ. ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯ ತಿಮ್ಮಮ್ಮ, “ಪಾಪ, ಯಾರ ಕಣ್ಣು ಬಿತ್ತೋ” ಎಂದು ವ್ಯಾನಿನ ಮೂತಿಗೆ ನಿಂಬೆಹಣ್ಣು, ಒಣಮೆಣಸಿನಕಾಯಿ ಕಟ್ಟಿ ಹೋಗಿದ್ದಳು.

ಆ ವ್ಯಾನು ಯುದ್ಧದ ಕಾಲದ್ದು. ಸೈನ್ಯದವರು ಹರಾಜು ಹಾಕಿದ್ದನ್ನು ಯಾರೋ ಕೊಂಡು, ಅವರಿಂದ ಇನ್ಯಾರೋ ಕೊಂಡು, ಕೈಯಿಂದ ಕೈಗೆ ದಾಟಿ ಏಳು ವರ್ಷದ ಹಿಂದೆ ಅಂದಾನಯ್ಯನ ಪಾಲಿಗೆ ಬಂದಿತ್ತು. ಈಗ ಅದಕ್ಕೊಂದು ಕಾಯಂ ಕೆಲಸ ಸಿಗುವುದರಲ್ಲಿತ್ತು. ಪಾಂಡವಪುರದ ಬೆಲ್ಲದ ಮಂಡಿಯವರು ದಿನವೂ ಮೈಸೂರಿಗೆ ಬೆಲ್ಲ ಸಾಗಿಸಲು ಗಾಡಿ ಹುಡುಕುತ್ತಿದ್ದರು. “ಗುರುವಾರ ಬೆಳಿಗ್ಗೆ ಎಂಟಕ್ಕೆ ನಿನ್ನ ಗಾಡಿ ಮಂಡಿ ಮುಂದೆ ನಿಂತಿರ್ಬೇಕು. ಇಲ್ದಿದ್ರೆ ಕೆ.ಆರ್. ಪೇಟೆ ತಮ್ಮಯ್ಯನ ವ್ಯಾನು ಗೊತ್ತು ಮಾಡ್ಕೋತೀವಿ” ಎಂದು ಖಡಾಖಂಡಿತವಾಗಿ ಹೇಳಿದ್ದರು. ಇವತ್ತು ಬುಧವಾರ.

ಏಳು ಗಂಟೆಗೆ ಮೆಕ್ಯಾನಿಕ್ ದ್ಯಾವಯ್ಯ ಬಂದ. ಕೆ.ಆರ್. ಪೇಟೆಯಲ್ಲಿ ಇನ್ನೊಂದು ಲಾರಿ ಅವನಿಗಾಗಿ ಕಾಯುತ್ತಿತ್ತು. ವ್ಯಾನಿನ ಕೆಳಗೆ ತೂರಿ, ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿದ್ದ ಕಬ್ಬಿಣದ ಗುಂಡಿಗೆ ಸ್ಪ್ಯಾನರಿನಿಂದ ಎರಡೇಟು ಕೊಟ್ಟು, ಕಿವಿಯಿಟ್ಟು ಕೇಳಿ, ಹೊರಗೆ ಬಂದ.

“ಅಚ್ಚಿನೊಳಗಿನ ದೊಡ್ಡ ಚಕ್ರದ ಹಲ್ಲು ಮುರ್ದವೆ ಕಣ್ಲಾ ಅಂದಾನಿ. ಕ್ರೌನು ಅಂತೀವಲ್ಲ, ಅದು. ಒಸಾದು ಆಕ್ಬೇಕು.”

“ಆಕ್ಬುಡಣ್ಣ, ಅದಕ್ಕೇನಂತೆ.”

“ಆಕ್ಬುಡಕೆ ಅದೇನು ಬಳೆನಾ? ಈ ಗಾಡಿಗೆ ಫ್ಯಾಕ್ಟ್ರಿಯಿಂದ ಬರೋವಾಗ್ಲೇ ಮೂರು ತರದ ಅಚ್ಚು ಆಕವ್ರೆ. ಬಯಲಲ್ಲಿ ಓಡೋಕೆ ಅಂತ ಒಂದು, ಅದ್ರ ಚಕ್ರಕ್ಕೆ ನಲವತ್ತೊಂದು ಹಲ್ಲು. ಭಾರ ಸಾಗ್ಸೋಕೆ ಒಂದು, ಅದಕ್ಕೆ ನಲವತ್ತೈದು. ಗುಡ್ಡ ಅತ್ತೋಕೆ ಇನ್ನೊಂದು, ಅದಕ್ಕೆ ನಲವತ್ತೊಂಬತ್ತು. ಒಂದರದ್ದು ಇನ್ನೊಂದರೊಳಕ್ಕೆ ಸುತರಾಂ ಕೂರಾಕಿಲ್ಲ. ನಿಂದು ಯಾವ್ದು?”

ಅಂದಾನಯ್ಯ ತಲೆ ಕೆರೆದುಕೊಂಡ. ಏಳು ವರ್ಷ ಅದಕ್ಕೆ ನೀರು ಎಣ್ಣೆ ಹೊಯ್ದು ಸಾಕಿದ್ದ; ಅದರ ಹೊಟ್ಟೆಯೊಳಗೆ ಎಷ್ಟು ಹಲ್ಲಿವೆಯೆಂದು ಒಂದು ದಿನವೂ ವಿಚಾರಿಸಿರಲಿಲ್ಲ.

“ಬಿಚ್ಚಿ ಎಣಿಸಿದ್ರೆ ಆಗಾಕಿಲ್ವಾ?”

“ಬಿಚ್ಚೋಕೆ ಅರ್ಧ ದಿನ ಬೇಕು. ಅಷ್ಟೊತ್ತಿಗೆ ಮೈಸೂರು ಬಸ್ಸು ಓಗಿರ್ತದೆ. ಇಲ್ಕೇಳು. ಆ ಗುಂಡಿನ ಬೋಲ್ಟಿಗೆ ಫ್ಯಾಕ್ಟ್ರಿಯೋರು ಒಂದು ತಗಡಿನ ಬಿಲ್ಲೆ ಸಿಗ್ಸಿರ್ತಾರೆ. ಅದ್ರ ಮ್ಯಾಲೆ ನಂಬ್ರ ಇರ್ತದೆ. ಅದು ಸಿಕ್ದೆ ಇದ್ರೆ, ಜಾಕಿ ಕೊಟ್ಟು ಹಿಂದ್ಗಡೆ ಒಂದೇ ಒಂದು ಚಕ್ರ ಎತ್ತು. ಅದನ್ನ ಸರಿಯಾಗಿ ಇಪ್ಪತ್ತು ಸುತ್ತು ತಿರುಗ್ಸು. ಅಷ್ಟರಾಗೆ ಗಾಡಿ ಮಧ್ಯದ ಉದ್ದನೆ ಶಾಫ್ಟು ಎಷ್ಟು ಸುತ್ತು ಸುತ್ತುತ್ತೋ, ಅದೇ ನಿನ್ನ ಹಲ್ಲಿನ ಲೆಕ್ಕ. ಒಂಬತ್ತೂವರೆ ಬಸ್ಸಿಗೆ ನಂಬ್ರ ಕಳ್ಸು. ನಾನು ಮಧ್ಯಾಹ್ನ ಬಂದು ಬಿಚ್ಚಿಕ್ಕಿರ್ತೀನಿ. ಸಂಜೆ ಬಸ್ಸಿಗೆ ಸಾಮಾನು ಬಂದ್ರೆ ರಾತ್ರಿಯೆಲ್ಲ ಕೂತಾದ್ರೂ ಆಕ್ಕೊಡ್ತೀನಿ. ನಂಬ್ರ ತಪ್ತೋ, ನನ್ನ ಕೇಳ್ಬ್ಯಾಡ.”

ಇಷ್ಟು ಹೇಳಿ, ಜಾಕಿಯನ್ನು ಅಲ್ಲಿಯೇ ಬಿಟ್ಟು, ದ್ಯಾವಯ್ಯ ಕೆ.ಆರ್. ಪೇಟೆ ಬಸ್ಸು ಹತ್ತಿದ.

ಆ ಊರಿನಲ್ಲಿ ಮೈಸೂರಿನಿಂದ ಏನಾದರೂ ಬೇಕಾದರೆ ಯಾರೂ ಮೈಸೂರಿಗೆ ಹೋಗುತ್ತಿರಲಿಲ್ಲ. ಒಂಬತ್ತೂವರೆ ಬಸ್ಸಿನ ಕಂಡಕ್ಟರ್ ಚಿಕ್ಕಮಾದಯ್ಯನಿಗೆ ಹೇಳಿಬಿಡುತ್ತಿದ್ದರು. ಅಜ್ಜಿಯರ ಕನ್ನಡಕ, ಬಾಣಂತಿಯರ ಔಷಧಿ, ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಪಂಪಿನ ವಾಷರು, ಎಲ್ಲವೂ ಅವನ ಕೈಯಲ್ಲೇ ಬರಬೇಕು. ಒಬ್ಬರಿಂದಲೂ ಅವನು ಒಂದು ಕಾಸು ಮುಟ್ಟಿದವನಲ್ಲ. ತಿಮ್ಮಮ್ಮನ ಕನ್ನಡಕಕ್ಕಂತೂ, ಅವಳಿಗೆ ಸರಿಹೊಂದುವ ತನಕ, ನಾಲ್ಕು ಸಲ ಅಂಗಡಿಗೆ ಅಲೆದಿದ್ದ.

ಅಂದಾನಯ್ಯ ಕುಡುಗೋಲು ಹಿಡಿದು ವ್ಯಾನಿನ ಕೆಳಗೆ ಮಲಗಿದ. ಗುಂಡಿನ ಮೇಲೆ ಐದು ವರ್ಷದ ಮಣ್ಣು, ಎಣ್ಣೆ ಸೇರಿ ಸಗಣಿ ಬಳಿದ ಗೋಡೆಯಂತಾಗಿತ್ತು. ಕೆರೆದ. ಕೆರೆದದ್ದೆಲ್ಲ ಮುಖದ ಮೇಲೆಯೇ ಬಿತ್ತು. ಕೊನೆಗೆ ಎಲೆಯಡಿಕೆ ಡಬ್ಬಿಯ ಮುಚ್ಚಳದಷ್ಟು ಅಗಲದ ಬಿಲ್ಲೆಯೊಂದು ಫಳಫಳ ಹೊಳೆದಾಗ, “ಸಿಕ್ತು!” ಎಂದು ಕೂಗಿದ ಸಂಭ್ರಮಕ್ಕೆ ಹಣೆ ಹೋಗಿ ಕಬ್ಬಿಣಕ್ಕೆ ಬಡಿಯಿತು.

ಬಿಲ್ಲೆಯನ್ನು ಬಿಸಿಲಿಗೆ ತಂದು ನೋಡಿದರೆ ಅದರ ಮೇಲೆ ‘ನಾಲ್ಕು’ ಎಂಬ ಅಂಕಿ ಮುತ್ತಿನಂತಿದೆ. ಅದರ ಪಕ್ಕದ ಅಂಕಿಯ ಜಾಗ ಮಾತ್ರ ತೊಳೆದ ತಟ್ಟೆಯಂತೆ ನುಣ್ಣಗಿದೆ. ನಲವತ್ತೊಂದಕ್ಕೂ ನಾಲ್ಕೇ ಮೊದಲು, ನಲವತ್ತೈದಕ್ಕೂ ನಾಲ್ಕೇ, ನಲವತ್ತೊಂಬತ್ತಕ್ಕೂ ನಾಲ್ಕೇ.

“ಇದನ್ಯಾರು ಇಂಗೆ ಉಜ್ಜವ್ರೆ?” ಎಂದ ಅಂದಾನಯ್ಯ.

“ನೀವೇ,” ಎಂದಳು ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿ ಪುಟ್ಟತಾಯಮ್ಮ. “ಮೊದಲೆರಡು ವರ್ಷ ಆಯುಧಪೂಜೆಗೆ ಗಾಡಿ ಕೆಳಗೆ ಮಲಗಿ, ಹುಣಸೆಹಣ್ಣು ತೆಂಗಿನ ನಾರು ಆಕಿ, ದೇವರ ಸಾಮಾನಿನಂಗೆ ಬೆಳಗಿದ್ರಲ್ಲ.”

ಅಂದಾನಯ್ಯ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ. ಇನ್ನು ಉಳಿದದ್ದು ಚಕ್ರ ತಿರುಗಿಸುವ ದಾರಿ. ಅದಕ್ಕೆ ಎರಡು ಜನ ಬೇಕು. ಒಬ್ಬ ಚಕ್ರ ತಿರುಗಿಸುತ್ತ ಇಪ್ಪತ್ತು ಎಣಿಸಬೇಕು. ಇನ್ನೊಬ್ಬ ಕೆಳಗೆ ಮಲಗಿ ಶಾಫ್ಟಿನ ಸುತ್ತು ಎಣಿಸಬೇಕು.

“ಎಣಿಸೋಕೆ ನಾನಿಲ್ವೇನ್ಲಾ?” ಎಂದು ಅರಳಿಕಟ್ಟೆಯಿಂದ ಕರಿಯಯ್ಯ ಎದ್ದು ಬಂದ. ಸಂತೆಯಲ್ಲಿ ರಾಗಿ, ಹುರುಳಿ ಅಳೆಯುವುದು ಕರಿಯಯ್ಯನ ಕಸುಬು. ನಲವತ್ತು ವರ್ಷದಲ್ಲಿ ಅವನ ಅಳತೆಯ ಮೇಲೆ ಒಂದು ದೂರೂ ಬಂದಿರಲಿಲ್ಲ. ಇಂಥವನೇ ಸಿಕ್ಕಿದನಲ್ಲ ಎಂದು ಅಂದಾನಯ್ಯನ ಎದೆ ಹಗುರಾಯಿತು.

ಜಾಕಿ ಕೊಟ್ಟು ಚಕ್ರ ಎತ್ತಿದರು. ಗುರುತು ಹಾಕಲು ಸೀಮೆಸುಣ್ಣ ಇರಲಿಲ್ಲ. ತಿಮ್ಮಮ್ಮ ತನ್ನ ಎಲೆಯಡಿಕೆ ಚೀಲ ಬಿಚ್ಚಿ, ಬೆರಳಿನಲ್ಲಿ ಸುಣ್ಣ ತೆಗೆದು ಟೈರಿಗೊಂದು, ಶಾಫ್ಟಿಗೊಂದು ಬೊಟ್ಟು ಇಟ್ಟಳು. “ಇಬ್ರೂ ಚೆನ್ನಾಗಿರ್ರಪ್ಪ” ಎಂದು ಎರಡಕ್ಕೂ ಆಶೀರ್ವಾದ ಮಾಡಿದಳು.

ಅಂದಾನಯ್ಯ ಮತ್ತೆ ಕೆಳಗೆ ಹೋದ. ಮೇಲೆ ಕರಿಯಯ್ಯ ಪಂಚೆ ಮೇಲೆ ಕಟ್ಟಿ, ಎರಡು ಕೈಯಲ್ಲಿ ಚಕ್ರ ಹಿಡಿದ.

“ಲಾಭವೋ ಲಾಭ!” ಎಂದ. ಅಳೆಯುವವರು ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. “ಎರಡೋ ಎರಡು... ಮೂರೋ ಮೂರು...” ಒಳಗೆ ಮುರಿದ ಹಲ್ಲು ‘ಕಟಕ್ ಕಟಕ್’ ಎಂದು ತಾಳ ಹಾಕಿತು. ಸಂತೆಯ ರಾಗದಲ್ಲಿ ಎಣಿಕೆ ಸಾಗಿ, “ಇಪ್ಪತ್ತೋ ಇಪ್ಪತ್ತೂ...” ಎಂದು ಎಳೆದು ಕರಿಯಯ್ಯ ಚಕ್ರ ಬಿಟ್ಟ. ಕೆಳಗೆ ಶಾಫ್ಟು ನಿಂತದ್ದು ನಲವತ್ತೈದಕ್ಕೆ.

“ನಲವತ್ತೈದು!” ಎಂದು ಅಂದಾನಯ್ಯ ಹೊರಗೆ ಬಂದ. ದ್ಯಾವಯ್ಯ ಹೇಳಿದ ಮೂರರಲ್ಲಿ ಅದೂ ಒಂದು. ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಅವನು ಹೆದರುವ ಜೀವ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನು.

“ಕರಿಯಣ್ಣ, ಇನ್ನೊಂದು ಸಲ ನೋಡ್ಬುಡುವಾ.”

“ಯಾಕ್ಲಾ? ಕರಿಯಯ್ಯನ ಅಳತೆ ಎರಡನೇ ಸಲ ಅಳೆಸಿದೋರು ಈ ಸೀಮೇಲಿಲ್ಲ.”

“ಅಂಗಲ್ಲ ಕಣಣ್ಣ. ನಾಳೆ ಗಾಡಿ ಓಗ್ದೆ ಇದ್ರೆ ಪಾಂಡವಪುರದ ಕೆಲಸ ತಮ್ಮಯ್ಯನ ಪಾಲಾಯ್ತದೆ. ನನ್ನ ಬದುಕಿನ ಪ್ರಶ್ನೆ.”

ಕರಿಯಯ್ಯನ ಮುಖ ಮೆತ್ತಗಾಯಿತು. “ಅಯ್ಯೋ, ಬದುಕಿನ ಪ್ರಶ್ನೆ ಅಂದ್ಮ್ಯಾಲೆ ನಾನು ಕೈ ಬಿಗಿ ಹಿಡೀತೀನಾ? ಬಾ, ಮಲಿಕ್ಕೋ” ಎಂದು ಮತ್ತೆ ಲಾಭದಿಂದ ಶುರು ಮಾಡಿದ. ಈ ಸಲ ಅವನ ರಾಗದಲ್ಲಿ ಇನ್ನಷ್ಟು ಅಕ್ಕರೆಯಿತ್ತು. ಇಪ್ಪತ್ತು ಎಂದಾಗ ಶಾಫ್ಟು ನಿಂತದ್ದು ನಲವತ್ತೊಂಬತ್ತಕ್ಕೆ.

ಅಂದಾನಯ್ಯ ಕೆಳಗೇ ಮಲಗಿಕೊಂಡು ಆಕಾಶದ ಬದಲು ಶಾಫ್ಟನ್ನು ನೋಡಿದ. ಹತ್ತು ನಿಮಿಷದ ಹಿಂದೆ ನಲವತ್ತೈದು ಹಲ್ಲಿದ್ದ ಗಾಡಿಗೆ ಈಗ ನಲವತ್ತೊಂಬತ್ತು!

“ನಿನ್ನ ಗಾಡಿಗೆ ಹಲ್ಲು ಉಟ್ಟುತ್ತಾವೆ ಕಣೋ,” ಎಂದಳು ತಿಮ್ಮಮ್ಮ. “ಮಕ್ಕಳಿಗೂ ಇಂಗೇ, ಮೊದ್ಲು ಜ್ವರ ಬತ್ತದೆ.”

ಆ ಹೊತ್ತಿಗೆ ಕೆರೆಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಅಂದಾನಯ್ಯ ಅಳುವುದೊಂದು ಬಾಕಿ. ಆಗ ಪುಟ್ಟತಾಯಮ್ಮ ಮೊರ ಹಿಡಿದುಕೊಂಡು ಜಗುಲಿಯಿಂದ ಇಳಿದಳು.

“ಇಲ್ನೋಡಿ. ನಾನು ಸುಮ್ಕೆ, ಚಕ್ರ ಒಂದು ಸುತ್ತಿಗೆ ಒಂದು ಅವರೆಕಾಳು ಇಟ್ಕಂಡು ಬಂದೆ. ಕರಿಯಣ್ಣ ಇಪ್ಪತ್ತು ಅಂದಾಗ, ಮೊದ್ಲನೇ ಸಲ ಇಪ್ಪತ್ತೆರಡು ಕಾಳಾಗಿತ್ತು. ಈಗ ಇಪ್ಪತ್ನಾಕು.”

ಮೊರದಲ್ಲಿ ಎರಡು ಗುಡ್ಡೆ ಅವರೆಕಾಳು. ಎಲ್ಲರೂ ಕರಿಯಯ್ಯನ ಕಡೆ ತಿರುಗಿದರು. ಅವನು ಸ್ವಲ್ಪವೂ ಕದಲಲಿಲ್ಲ.

“ಓ, ಅದಾ? ಅದು ಕೊಸರು.”

“ಕೊಸರಾ?”

“ಹತ್ತು ಅಳೆದ್ಮ್ಯಾಲೆ ಕೊಳ್ಳೋರಿಗೆ ಮ್ಯಾಲೊಂದು ಕೊಸರು ಬುಡ್ದೆ ಇದ್ರೆ ಅದು ಅಳತೆನೇನ್ಲಾ? ಅದನ್ನ ಎಣಿಸಬಾರ್ದು, ಸುಮ್ಕೆ ಬುಡಬೇಕು. ಬದುಕಿನ ಪ್ರಶ್ನೆ ಅಂತ ನೀನಂದಿದ್ಕೆ, ಎರಡನೇ ಸಲ ಹತ್ತಕ್ಕೆ ಎರಡೆರಡು ಬುಟ್ಟೆ. ಒಳ್ಳೇದು ಮಾಡಿದ್ದೂ ತಪ್ಪಾ?”

ಜಗಳವಾಡಲು ಸಮಯವಿರಲಿಲ್ಲ. “ಕೊಸರಿಲ್ದೆ ಒಂದು ಸಲ ತಿರುಗ್ಸಣ್ಣ” ಎಂದು ಅಂದಾನಯ್ಯ ಅಂಗಲಾಚಿದ. ಕರಿಯಯ್ಯ ಹೆಗಲ ಮೇಲಿನ ವಸ್ತ್ರ ಕೊಡವಿದ. “ಕೊಸರಿಲ್ದಿರೋ ಕೆಲಸಕ್ಕೆ ನನ್ನ ಕೈ ಬಗ್ಗಾಕಿಲ್ಲ” ಎಂದವನೇ ಅರಳಿಕಟ್ಟೆಗೆ ಹೋಗಿ, ಬೆನ್ನು ತಿರುಗಿಸಿ ಕುಳಿತ.

ಕೊನೆಗೆ ಪುಟ್ಟತಾಯಮ್ಮನೇ ಸೆರಗು ಸಿಕ್ಕಿಸಿಕೊಂಡಳು. ಇಪ್ಪತ್ತು ಕಾಳು ಎಣಿಸಿ ಮಡಿಲಿಗೆ ಹಾಕಿಕೊಂಡು, ಒಂದು ಸುತ್ತಿಗೊಂದು ಕಾಳು ನೆಲಕ್ಕೆ ಹಾಕುತ್ತ ಚಕ್ರ ತಿರುಗಿಸಿದಳು. ಮಡಿಲು ಬರಿದಾದಾಗ ಕೆಳಗಿನಿಂದ ಅಂದಾನಯ್ಯನ ಕೂಗು ಬಂತು. “ನಲವತ್ತೊಂದು! ಪುಟ್ಟತಾಯೀ, ನಲವತ್ತೊಂದು ಕಣೇ!”

ಬಸ್ಸು ಬಂದು, ಜನ ಇಳಿದು, ಜನ ಹತ್ತಿ, ಹೊರಟೇಬಿಟ್ಟಿತ್ತು. ಮೈಯೆಲ್ಲ ಎಣ್ಣೆ, ಮೂಗಿನ ಮೇಲೆ ಸುಣ್ಣ, ತಲೆಯಲ್ಲಿ ಐದು ವರ್ಷದ ಮಣ್ಣು. ಅಂದಾನಯ್ಯ ಎರ್ರಾಬಿರ್ರಿ ಓಡಿಬಂದು ಬಸ್ಸಿನ ಮುಂದೆ ನಿಂತ. ಡ್ರೈವರು ಬೆಚ್ಚಿಬಿದ್ದು ಬ್ರೇಕು ಒತ್ತಿದ. ಬಾಗಿಲಲ್ಲಿ ಚಿಕ್ಕಮಾದಯ್ಯ ಬಗ್ಗಿ ನೋಡಿದ.

“ಯಾರಿದು? ಅಂದಾನಣ್ಣನಾ! ಏನಣ್ಣ, ವೇಸ ಕಟ್ಟಿದ್ದೀಯಾ?”

ಏದುಸಿರು ಬಿಡುತ್ತ ಅಂದಾನಯ್ಯ ವಿಷಯವನ್ನೆಲ್ಲ ಹೇಳಿ, ದುಡ್ಡು ಕೊಟ್ಟು, ಅಂಗಡಿಯ ಹೆಸರು ಹೇಳಿ, ಅವನ ಎರಡು ಕೈಯನ್ನೂ ಹಿಡಿದುಕೊಂಡ. “ನಲವತ್ತೊಂದು ಹಲ್ಲು ಕಣಪ್ಪ. ಒಂದೇ ಒಂದು ಹಲ್ಲು ಕಮ್ಮಿ ಆಯ್ತೋ, ನನ್ನ ಬದುಕು ಮೂರಾಬಟ್ಟೆ.”

“ಬುಡಣ್ಣ, ನಿಂಗ್ಯಾಕೆ ಯೋಚ್ನೆ? ಕಮ್ಮಿ ತರೋ ಮಗ ನಾನಲ್ಲ” ಎಂದು ಚಿಕ್ಕಮಾದಯ್ಯ ಎದೆ ತಟ್ಟಿಕೊಂಡು ರೈಟ್ ಹೇಳಿದ.

ಮಧ್ಯಾಹ್ನ ದ್ಯಾವಯ್ಯ ಬಂದು ಗುಂಡು ಬಿಚ್ಚಲು ಕೂತ. ಊರಿನ ಅರ್ಧ ಜನ ಅವನ ಸುತ್ತ ಕೂತು ಸಲಹೆ ಕೊಟ್ಟರು. ಅಚ್ಚಿಗೆ ಕೀಲೆಣ್ಣೆ ಹಾಕಿಸಿಲ್ಲ, ಅದಕ್ಕೇ ಹೀಗಾಯಿತು ಎಂದು ಎತ್ತಿನ ಗಾಡಿಯವರು ತೀರ್ಪು ಕೊಟ್ಟರು. ಎತ್ತಿನ ಗಾಡಿಯ ಅಚ್ಚಿಗೆ ಹಲ್ಲೇ ಇಲ್ಲದಿರುವುದು ಎಷ್ಟು ಒಳ್ಳೆಯದು ಎಂದು ಇನ್ನೊಬ್ಬರು ವಿವರಿಸಿದರು. ಪೇಟೆಯಿಂದ ಬಂದವರೊಬ್ಬರು, ತಮ್ಮಯ್ಯ ಬೆಳಿಗ್ಗೆಯೇ ತನ್ನ ವ್ಯಾನು ತೊಳೆದು ಬಾಳೆಕಂದು ಕಟ್ಟಿಸುತ್ತಿದ್ದನೆಂಬ ಸುದ್ದಿಯನ್ನೂ ತಂದು ಕೊಟ್ಟರು.

ನಡುನಡುವೆ ಅಂದಾನಯ್ಯ ಅರಳಿಕಟ್ಟೆಗೆ ಹೋಗಿ ಬಂದ. ಎರಡು ಸಲ ಬರಿಗೈಯಲ್ಲಿ ಹೋದ, ಮೂರನೆಯ ಸಲ ಒಂದು ಲೋಟ ಕಾಫಿ ಹಿಡಿದು ಹೋದ. ಕರಿಯಯ್ಯ ಕಾಫಿ ಕುಡಿದು, ಲೋಟ ಕೊಟ್ಟು, ಮತ್ತೆ ಬೆನ್ನು ತಿರುಗಿಸಿದ.

ಐದು ಗಂಟೆಯ ಹೊತ್ತಿಗೆ ಗುಂಡು ಬಾಯಿ ಬಿಟ್ಟಿತು. ದ್ಯಾವಯ್ಯ ಒಳಗಿನ ದೊಡ್ಡ ಚಕ್ರ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಮುರಿದ ಮೋಟುಗಳನ್ನೂ ಬಿಡದೆ ಬೆರಳಿಟ್ಟು ಎಣಿಸಿದ.

“ನಲವತ್ತೊಂದು!” ಎಂದ ದ್ಯಾವಯ್ಯ. “ಭೇಷ್ ಕಣ್ಲಾ ಅಂದಾನಿ. ಒಳಗೆ ನೋಡ್ದೆ ಸರಿಯಾಗಿ ಯೋಳ್ಬುಟ್ಟಿದ್ದೀಯ. ಎಂಥೆಂಥಾ ಮೆಕ್ಯಾನಿಕ್ಕುಗಳೇ ಇದ್ರಲ್ಲಿ ಎಡವ್ತಾರೆ.”

ಅಂದಾನಯ್ಯ ಅವರೆಕಾಳಿನ ವಿಚಾರ ಹೇಳಬೇಕೆಂದುಕೊಂಡ. ಅಷ್ಟರಲ್ಲಿ ನಾಲ್ಕು ಜನ ಬೆನ್ನು ತಟ್ಟಿದ್ದರಿಂದ ಮರೆತ. ಪುಟ್ಟತಾಯಮ್ಮ ಬಾಗಿಲ ಮರೆಯಲ್ಲಿ ನಿಂತು ನಕ್ಕು, ಅದೇ ಕಾಳನ್ನು ಸಾರಿಗೆ ಹಾಕಲು ಒಳಗೆ ಹೋದಳು. ಅಂದಾನಯ್ಯ ಆಗಲೇ ಮನಸ್ಸಿನಲ್ಲಿ ಪಾಂಡವಪುರದ ಮಂಡಿಯ ಮುಂದೆ ವ್ಯಾನು ನಿಲ್ಲಿಸಿ, ತಮ್ಮಯ್ಯನನ್ನು ನೋಡಿ, ಏನೂ ಗೊತ್ತಿಲ್ಲದವನಂತೆ “ಏನಪ್ಪಾ, ಚೆನ್ನಾಗಿದ್ದೀಯಾ?” ಎಂದು ಕೇಳುತ್ತಿದ್ದ.

ಸಂಜೆಯ ಬಸ್ಸು ಬಂತು. ಇನ್ನೂ ನಿಲ್ಲುವ ಮೊದಲೇ ಚಿಕ್ಕಮಾದಯ್ಯ ಹಾರಿ ಇಳಿದ. ಗೋಣಿಚೀಲದಲ್ಲಿ ಸುತ್ತಿದ ಸಾಮಾನನ್ನು ಎಳೆಗೂಸಿನಂತೆ ಎದೆಗವಚಿಕೊಂಡಿದ್ದ. ಬಿಸಿಲಿಗೆ ಬಾಡಿ, ತುಟಿ ಒಣಗಿದ್ದರೂ ಮುಖ ಮಾತ್ರ ಮದುವೆಮನೆಯಾಗಿತ್ತು.

“ಅಂದಾನಣ್ಣ, ಊಟ ಬುಟ್ಟು ತಂದಿದ್ದೀನಿ ಕಣಣ್ಣ ನಿನ್ನ ಸಾಮಾನಾ! ಇಡ್ಕೊ!”

ದ್ಯಾವಯ್ಯ ಗೋಣಿ ಬಿಚ್ಚಿದ. ಹೊಸ ಚಕ್ರ ಥಳಥಳ ಹೊಳೆಯಿತು. ಅದನ್ನು ಹಳೆಯ ಚಕ್ರದ ಮೇಲಿಟ್ಟ. ತಿರುಗಿಸಿಟ್ಟ. ಆಮೇಲೆ ಬೆರಳಿಟ್ಟು ಎಣಿಸತೊಡಗಿದ. ನಲವತ್ತು ದಾಟಿತು. ನಲವತ್ತೊಂದು ದಾಟಿತು. ಬೆರಳು ನಿಲ್ಲಲಿಲ್ಲ.

“ನಲವತ್ತೊಂಬತ್ತು,” ಎಂದ ದ್ಯಾವಯ್ಯ ಕೊನೆಗೆ, ಸಾವಿನ ಸುದ್ದಿ ಹೇಳುವವನಂತೆ.

“ಅಂಗನ್ನು!” ಚಿಕ್ಕಮಾದಯ್ಯ ತೊಡೆ ತಟ್ಟಿದ. “ಅಂಗಡಿಯೋನು ಮೊದ್ಲು ನಲವತ್ತೊಂದರದ್ದೇ ತಂದು ಮುಂದಿಟ್ಟ. ನಾನು ಬುಡ್ತೀನಾ? ಪಕ್ಕದಾಗೆ ಈ ದೊಡ್ಡದು ಕುಂತಿತ್ತು. ‘ಇದನ್ನೇ ಆ ರೇಟಿಗೆ ಕೊಡಯ್ಯ, ಬಡವ, ನಾಳೆ ಗಾಡಿ ಓಡದೆ ಓದ್ರೆ ಬದುಕು ಓಯ್ತದೆ’ ಅಂದೆ. ಆಗಾಕಿಲ್ಲ ಅಂದ. ಮುಕ್ಕಾಲು ಗಂಟೆ ಅವನ ಮೆಟ್ಲ ಮ್ಯಾಲೆ ಕುಂತೆ. ಕೊನೀಗೆ ತಲೆ ಚಚ್ಕಂಡು ಕೊಟ್ಟ. ಎಂಟು ಹಲ್ಲು ಕೊಸರು ಕಣಣ್ಣ! ಒಂದು ಕಾಸು ಜಾಸ್ತಿ ಕೊಡ್ಲಿಲ್ಲ!”

ಅರಳಿಕಟ್ಟೆಯ ಮೇಲೆ ಬೆಳಗಿನಿಂದ ಬೆನ್ನು ತಿರುಗಿಸಿ ಕೂತಿದ್ದ ಕರಿಯಯ್ಯ ಈಗ ಎದ್ದು ಬಂದ. ಬಂದವನೇ ಚಿಕ್ಕಮಾದಯ್ಯನನ್ನು ತಬ್ಬಿಕೊಂಡ. “ಇದು ಕಣ್ಲಾ ವ್ಯವಹಾರ ಅಂದ್ರೆ! ನೋಡಿ ಕಲ್ತುಕೊಳ್ರಿ!” ಎಂದ. ಸುತ್ತಲಿದ್ದವರೂ ಹೌದೆಂದರು. ತಿಮ್ಮಮ್ಮ ಕಂಡಕ್ಟರಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ದ್ಯಾವಯ್ಯ ಮಾತ್ರ ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

ಅಂದಾನಯ್ಯ ಬೈಯಲೆಂದು ಬಾಯಿ ತೆರೆದ. ಎದುರಿಗೆ ಊಟ ಬಿಟ್ಟ ಮುಖ; ಭಾರ ಹೊತ್ತು ಕೆಂಪಾದ ಕೈ. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. “ಒಳ್ಳೇದಾಯ್ತು ಕಣಪ್ಪ,” ಎಂದ. “ಪುಟ್ಟತಾಯೀ, ಇವನಿಗೊಂದು ಮುದ್ದೆ ಇಕ್ಕು.”

“ಬ್ಯಾಡಣ್ಣ, ಬಸ್ಸು ನಿಂತೈತೆ,” ಎಂದು ಚಿಕ್ಕಮಾದಯ್ಯ ಮೆಟ್ಟಿಲು ಹತ್ತಿದ. ಅಲ್ಲಿಂದ ತಿರುಗಿ ಅಂದಾನಯ್ಯನ ಜೋಲು ಮುಖವನ್ನು ಕಂಡ. ಬಸ್ಸು ಹೊರಟಾಗ ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ಸಮಾಧಾನ ಹೇಳಿದ:

“ಬೇಜಾರ್ ಮಾಡ್ಕೋಬ್ಯಾಡ ಅಂದಾನಣ್ಣ! ಆ ಅಂಗಡಿಯೋನತ್ರ ಇನ್ನೂ ನಾಕು ಹಲ್ಲು ಕೀಳ್ತಿದ್ದೆ. ಬಸ್ಸಿಗೆ ಟೈಮಾಗೋಯ್ತು!”